ವಕೀಲ, ಸಂಸದ, ನ್ಯಾಯಮೂರ್ತಿ, ಮತ್ತೆ ಸಂಸದ: ಕೆ.ಎಸ್. ಹೆಗ್ಡೆಯವರ ದಾರಿಯನ್ನು ಹೇಗೆ ಅಳೆಯಬೇಕು?

ಪ್ರಶ್ನೆ: ನಾನು ಕುಂದಾಪುರದಲ್ಲಿ ವಕೀಲ. ನಮ್ಮ ಬಾರ್ ರೂಮಿನಲ್ಲಿ ಈಚೆಗೆ ಜಸ್ಟಿಸ್ ಕೆ.ಎಸ್. ಹೆಗ್ಡೆಯವರ ಬಗ್ಗೆ ಜೋರು ಚರ್ಚೆಯಾಯಿತು. ಕಾಂಗ್ರೆಸ್ ಸಂಸದರಾಗಿದ್ದವರು ನೇರವಾಗಿ ಹೈಕೋರ್ಟ್ ನ್ಯಾಯಮೂರ್ತಿಯಾದರು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದರು, ಅದನ್ನು ಬಿಟ್ಟು ಜನತಾ ಪಕ್ಷದ ಸಂಸದರಾಗಿ ಲೋಕಸಭೆಯ ಸ್ಪೀಕರ್ ಆದರು. ಇದು ಸರಿಯೇ? ಇವತ್ತು ಯಾರಾದರೂ ಹೀಗೆ ಮಾಡಿದರೆ ನಾವು ಒಪ್ಪುತ್ತೇವೆಯೇ? ವಕೀಲರಾಗಿ ಕಲಿತದ್ದು ಅವರಿಗೆ ಸಂಸತ್ತಿನಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂತೇ? ಕೊನೆಯದಾಗಿ ಒಂದು ಸ್ವಾರ್ಥದ ಪ್ರಶ್ನೆ: ಇವತ್ತು ಸಂಸದನಾಗಿದ್ದುಕೊಂಡೇ ಕರಿಕೋಟು ಹಾಕಬಹುದೇ?

ಉತ್ತರ: ನಿಮ್ಮ ಬಾರ್ ರೂಮಿನ ಚರ್ಚೆಯಲ್ಲಿ ಯಾವ ಪಕ್ಷ ಗೆದ್ದಿತೋ ಗೊತ್ತಿಲ್ಲ. ‘ಸರಿಯೇ ತಪ್ಪೇ’ ಎಂದು ಒಂದೇ ಏಟಿಗೆ ತೀರ್ಮಾನಿಸಿದ್ದರೆ ಎರಡೂ ಕಡೆಯವರು ಸೋತಿದ್ದಾರೆ ಎಂದೇ ನನ್ನ ಅನಿಸಿಕೆ. 1957ರಲ್ಲಿ ಸಂಸತ್ತಿನಿಂದ ಕೋರ್ಟಿಗೆ ಹೋದದ್ದು ಒಂದು ಪ್ರಶ್ನೆ. 1977ರಲ್ಲಿ ಕೋರ್ಟು ಬಿಟ್ಟವರು ಸಂಸತ್ತಿಗೆ ಬಂದದ್ದು ಬೇರೆಯೇ ಪ್ರಶ್ನೆ. ಇವೆರಡರ ನಡುವೆ 1973 ಇದೆ. ಅದನ್ನು ಬಿಟ್ಟು ಹೆಗ್ಡೆಯವರ ಬಗ್ಗೆ ಏನು ಹೇಳಿದರೂ ಅರೆಬರೆಯೇ.

ಮೊದಲು ಊರಿನಿಂದ ಶುರುಮಾಡೋಣ. ಕೌಡೂರು ಸದಾನಂದ ಹೆಗ್ಡೆ ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ. ಊರ ಶಾಲೆ, ಕಾರ್ಕಳದ ಬೋರ್ಡ್ ಹೈಸ್ಕೂಲು, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಲಾ ಕಾಲೇಜು. ಅಂದಿನ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ಕರಾವಳಿಯ ಹುಡುಗರಿಗೆ ಕಾನೂನು ಓದಲು ದಾರಿ ಮದ್ರಾಸಿನ ಕಡೆಗೇ ಹೋಗುತ್ತಿತ್ತು, ಬೆಂಗಳೂರಿನ ಕಡೆಗಲ್ಲ. (ಮಗ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಹೆಸರಿನ ಮುಂದೆ ಕೌಡೂರಿನ ‘ಕೆ’ ಬದಲು ನಿಟ್ಟೆಯ ‘ಎನ್’ ಏಕೆ ಇದೆ ಎಂದು ಘಟ್ಟದ ಮೇಲಿನವರು ಆಗಾಗ ಕೇಳುತ್ತಾರೆ. ಅಳಿಯಸಂತಾನದ ಕಟ್ಟಿನಲ್ಲಿ ಮನೆತನ ತಾಯಿಯ ಕಡೆಯಿಂದ ಬರುತ್ತದೆ. ಕುಂದಾಪುರದವರಾದ ನಿಮಗೆ ಇದನ್ನು ಹೇಳಬೇಕಿಲ್ಲ.)

ಆ ಕಾಲದ ದಕ್ಷಿಣ ಕನ್ನಡದ ಸಿವಿಲ್ ಕೋರ್ಟುಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ತಾತ್ಕಾಲಿಕ ಗೇಣಿ), ಅಳಿಯಸಂತಾನ ಕುಟುಂಬಗಳ ಪಾಲುಪಟ್ಟಿ, ದೇವಸ್ಥಾನದ ಮೊಕ್ತೇಸರಿಕೆ (ಆಡಳಿತದ ಹಕ್ಕು). ಇಂಥ ದಾವೆಗಳಲ್ಲಿ ಪಳಗಿದ ವಕೀಲನಿಗೆ ಎರಡು ಅಭ್ಯಾಸ ಅಂಟುತ್ತವೆ. ಒಂದು, ದಾಖಲೆಯನ್ನು ಪೂರ್ತಿ ಓದುವುದು. ಇನ್ನೊಂದು, ಯಾರಿಗೆ ಯಾವ ಅಧಿಕಾರ ಎಲ್ಲಿಂದ ಬಂತು ಎಂದು ಮೊದಲು ಕೇಳುವುದು. ಯಜಮಾನನಿಗೆ ಕುಟುಂಬದ ಆಸ್ತಿ ನೋಡಿಕೊಳ್ಳುವ ಅಧಿಕಾರವಿದೆ, ಸರಿ. ಆದರೆ ಅದನ್ನು ಮಾರಿ ಮುಗಿಸುವ ಅಧಿಕಾರ ಇದೆಯೇ? ಈ ಎರಡನೇ ಪ್ರಶ್ನೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

1947ರಿಂದ 51ರವರೆಗೆ ಅವರು ಸರ್ಕಾರಿ ವಕೀಲರಾಗಿ, ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿ ಕೆಲಸ ಮಾಡಿದರು. 1952ರಲ್ಲಿ ರಾಜ್ಯಸಭೆ ಮೊದಲ ಸಲ ರಚನೆಯಾದಾಗ ಮದ್ರಾಸ್ ರಾಜ್ಯದಿಂದ ಕಾಂಗ್ರೆಸ್ ಸದಸ್ಯರಾಗಿ ಆರಿಸಿಬಂದರು. ಅಂದಿನ ಸಂಸತ್ತಿನಲ್ಲಿ ಇದು ವಿಶೇಷವೇನಲ್ಲ. ಮೊದಲ ಲೋಕಸಭೆಯ ಸದಸ್ಯರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವಕೀಲರೇ. 1954ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಗೆ ಹೋದ ಭಾರತದ ನಿಯೋಗದಲ್ಲಿ ಹೆಗ್ಡೆ ಬದಲಿ ಪ್ರತಿನಿಧಿಯಾಗಿದ್ದರು. ರೈಲ್ವೆಯಲ್ಲಿನ ಭ್ರಷ್ಟಾಚಾರದ ವಿಚಾರಣಾ ಸಮಿತಿಯಲ್ಲೂ ಕೆಲಸ ಮಾಡಿದರು. ಈ ಐದು ವರ್ಷಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಆದರೆ ಸದನದ ಲೆಕ್ಕಾಚಾರವನ್ನು ಅವರು ಒಳಗೆ ಕೂತು ನೋಡಿದ್ದರು ಎಂಬುದನ್ನು ಮರೆಯಬೇಡಿ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಹೆಗ್ಡೆ ರಾಜ್ಯಸಭೆಗೆ ರಾಜೀನಾಮೆ ಕೊಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ನಿಮ್ಮ ಮೊದಲ ಪ್ರಶ್ನೆ ಇಲ್ಲಿಗೆ ಬರುತ್ತದೆ.

ಕಾನೂನಿನಲ್ಲಿ ಅಡ್ಡಿ ಏನೂ ಇರಲಿಲ್ಲ, ಇವತ್ತಿಗೂ ಇಲ್ಲ. ಹತ್ತು ವರ್ಷ ಹೈಕೋರ್ಟಿನ ವಕೀಲಿಕೆ ಇದ್ದರೆ ಸಾಕು ಎನ್ನುತ್ತದೆ 217ನೇ ವಿಧಿ. ‘ಪಕ್ಷದ ಸದಸ್ಯನಾಗಿರಬಾರದು’ ಎಂದು ಎಲ್ಲೂ ಬರೆದಿಲ್ಲ. ಹಾಗಂತ ನಿಮ್ಮ ಅನುಮಾನ ತಪ್ಪು ಅನ್ನುತ್ತಿಲ್ಲ. ಆಳುವ ಪಕ್ಷದ ಬೆಂಚಿನಿಂದ ಎದ್ದವರು ನ್ಯಾಯಪೀಠದಲ್ಲಿ ಕೂತರೆ, ಸರ್ಕಾರದ ವಿರುದ್ಧ ರಿಟ್ ಹಾಕಿದವನಿಗೆ ಹೊಟ್ಟೆಯಲ್ಲಿ ತಳಮಳವಾಗುವುದು ಸಹಜ. ಇಂಥ ನೇಮಕವನ್ನು ಇವತ್ತು ಬಾರ್ ಸುಲಭವಾಗಿ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆದರೆ ಆಮೇಲೆ ಏನಾಯಿತು ಎಂಬುದು ನಮ್ಮ ಕಣ್ಣಮುಂದಿದೆ. ಅದನ್ನು ಬಿಟ್ಟು 1957ರ ದಿನದಲ್ಲೇ ನಿಂತು ತೀರ್ಪು ಕೊಡಲಾಗುವುದಿಲ್ಲ.

1966ರಲ್ಲಿ ಅವರು ಆಗತಾನೇ ಸ್ಥಾಪನೆಯಾದ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಯಾದರು. 1967ರ ಜುಲೈಯಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. 1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಕಾಯ್ದೆ ಬಿದ್ದಾಗ ಅದನ್ನು ಬೀಳಿಸಿದ ಹತ್ತು ಮಂದಿಯಲ್ಲಿ ಹೆಗ್ಡೆ ಒಬ್ಬರು. ಭಿನ್ನಮತ ಬರೆದದ್ದು ಎ.ಎನ್. ರೇ ಒಬ್ಬರೇ. ಅದೇ ವರ್ಷ ಮಾಜಿ ಮಹಾರಾಜರ ರಾಜಧನ ರದ್ದು ಮಾಡಿದ ಆದೇಶವೂ ಬಿತ್ತು, ಅಲ್ಲೂ ಹೆಗ್ಡೆ ಬಹುಮತದಲ್ಲಿದ್ದರು. ಎರಡೂ ಇಂದಿರಾ ಗಾಂಧಿ ಸರ್ಕಾರದ ಪ್ರತಿಷ್ಠೆಯ ಕ್ರಮಗಳು. ಹಿಂದಿನ ಪಕ್ಷದ ಋಣ ತೀರಿಸುವವರು ಹೀಗೆ ಬರೆಯುವುದಿಲ್ಲ. ಆ ತೀರ್ಪುಗಳು ಬಡವರ ಪರವೋ ಶ್ರೀಮಂತರ ಪರವೋ ಎಂದು ನೀವು ಜಗಳವಾಡಬಹುದು, ಆಡಬೇಕು ಕೂಡ. ಅದು ಬೇರೆ ಜಗಳ.

ಇವೆಲ್ಲ ದೊಡ್ಡ ಪೀಠಗಳ ಮಾತಾಯಿತು. ಹೆಗ್ಡೆಯವರನ್ನು ಅರಿಯಲು ನಾನು ವಿದ್ಯಾರ್ಥಿಗಳಿಗೆ ಕೊಡುವುದು 1969ರ ಕ್ರೈಪಕ್ ತೀರ್ಪನ್ನು. ಜಮ್ಮು ಕಾಶ್ಮೀರದಿಂದ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಅಲ್ಲಿನ ಹಂಗಾಮಿ ಮುಖ್ಯ ಅರಣ್ಯಾಧಿಕಾರಿ ಸದಸ್ಯ. ಅವರೇ ಅಭ್ಯರ್ಥಿ ಕೂಡ! ತಮ್ಮ ಹೆಸರು ಬಂದಾಗ ಹೊರಗೆ ಹೋಗಿದ್ದರಂತೆ, ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತೇ ಇದ್ದರು. ಪಟ್ಟಿಯಲ್ಲಿ ಮೊದಲ ಹೆಸರು ಅವರದೇ. ‘ಇದು ಆಡಳಿತದ ಕೆಲಸ, ನ್ಯಾಯದಾನವಲ್ಲ, ಆದ್ದರಿಂದ ಸಹಜ ನ್ಯಾಯದ ನಿಯಮ ಇಲ್ಲಿಗೆ ಬರದು’ ಎಂದು ಸರ್ಕಾರ ವಾದಿಸಿತು. ಆಡಳಿತಕ್ಕೂ ನ್ಯಾಯದಾನಕ್ಕೂ ನಡುವಿನ ಗೆರೆ ತೀರಾ ತೆಳುವಾಗಿದೆ, ಅದು ಮಾಸುತ್ತಲೂ ಇದೆ ಎಂದು ಬರೆದ ಹೆಗ್ಡೆ ಆ ಆಯ್ಕೆಯನ್ನೇ ರದ್ದುಮಾಡಿದರು. ಇಲಾಖಾ ವಿಚಾರಣೆಯೊಂದನ್ನು ಪ್ರಶ್ನಿಸಿ ನೀವು ಅರ್ಜಿ ಬರೆಯುವಾಗ ಇವತ್ತಿಗೂ ಉದ್ಧರಿಸುವ ತೀರ್ಪು ಇದು. ತನ್ನ ವ್ಯಾಜ್ಯಕ್ಕೆ ತಾನೇ ಪಂಚನಾಗಬಾರದು ಎನ್ನುವುದನ್ನು ಸರ್ಕಾರಿ ಕಚೇರಿಯ ಮೇಜಿನವರೆಗೂ ತಂದದ್ದು ಇದರ ಹೆಚ್ಚುಗಾರಿಕೆ. ತೆರಿಗೆ ಕಾನೂನಿನಲ್ಲೂ ಅವರ ಹೆಸರು ಉಳಿದಿದೆ. ಒಂದು ಕಲಮಿಗೆ ಸಮಂಜಸವಾದ ಎರಡು ಅರ್ಥ ಹೊರಟರೆ ತೆರಿಗೆದಾರನಿಗೆ ಅನುಕೂಲವಾದದ್ದನ್ನೇ ಹಿಡಿಯಬೇಕು ಎಂದು 1973ರ ಜನವರಿಯಲ್ಲಿ ಬರೆದದ್ದು ಅವರೇ.

ಈಗ ಕೇಶವಾನಂದ ಭಾರತಿ ಪ್ರಕರಣ, ಸಂಸತ್ತು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದು ಎಂಬ ಕೇಸು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಹದಿಮೂರು ನ್ಯಾಯಮೂರ್ತಿಗಳು, 1972ರ ಅಕ್ಟೋಬರ್ 31ರಿಂದ 73ರ ಮಾರ್ಚ್ 23ರವರೆಗೆ 68 ದಿನ ವಾದ, ಏಪ್ರಿಲ್ 24ರಂದು ಹನ್ನೊಂದು ಪ್ರತ್ಯೇಕ ತೀರ್ಪು, 7–6ರ ಅಂತರ. ಇದನ್ನೆಲ್ಲ ನೀವು ಕಾಲೇಜಿನಲ್ಲೇ ಓದಿರುತ್ತೀರಿ. ಬಾರ್ ರೂಮಿನಲ್ಲಿ ಚರ್ಚೆಯಾಗದಿರುವ ಒಂದು ಭಾಗವನ್ನು ಮಾತ್ರ ಇಲ್ಲಿ ಎತ್ತಿಹೇಳುತ್ತೇನೆ.

ಹೆಗ್ಡೆ ಮತ್ತು ನ್ಯಾಯಮೂರ್ತಿ ಮುಖರ್ಜಿಯಾ ಸೇರಿ ಒಂದೇ ತೀರ್ಪು ಬರೆದರು. ಸಂವಿಧಾನವನ್ನು ತಿದ್ದುವ ಅಧಿಕಾರ ಸಂಸತ್ತಿಗಿದೆ, ಅದರ ಗುರುತೇ ಸಿಗದಂತೆ ಅಳಿಸುವ ಅಧಿಕಾರವಿಲ್ಲ ಎನ್ನುವುದು ಅದರ ಸಾರ. ದೇಶದ ಸಾರ್ವಭೌಮತೆ, ಪ್ರಜಾಪ್ರಭುತ್ವ, ಏಕತೆ, ವ್ಯಕ್ತಿಸ್ವಾತಂತ್ರ್ಯದ ತಿರುಳು, ಸಮಾನತೆಯ ಸಮಾಜ ಕಟ್ಟುವ ಹೊಣೆ, ಇವನ್ನು ಮುಟ್ಟುವಂತಿಲ್ಲ ಎಂದರು. ಆಸ್ತಿ ನೋಡಿಕೊಳ್ಳುವ ಯಜಮಾನ ಅದನ್ನು ಮಾರಿ ಮುಗಿಸಬಹುದೇ ಎಂಬ ಕರಾವಳಿಯ ಹಳೇ ದಾವೆ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ ಎಂದು ನನಗನ್ನಿಸುತ್ತದೆ. ಇದು ನನ್ನ ಓದು, ಅವರು ಹಾಗೆಂದು ಹೇಳಿಲ್ಲ.

ಸರ್ಕಾರದ ಕಡೆಯ ದೊಡ್ಡ ವಾದ ಏನಿತ್ತು? ಜನರೇ ಪ್ರಭುಗಳು, ಜನರ ಇಚ್ಛೆ ಸಂಸತ್ತಿನ ಮೂರನೇ ಎರಡು ಬಹುಮತದಲ್ಲಿ ಹೊರಬರುತ್ತದೆ, ಅದನ್ನು ತಡೆಯಲು ಕೋರ್ಟು ಯಾರು? ಹೆಗ್ಡೆ–ಮುಖರ್ಜಿಯಾ ಕೊಟ್ಟ ಉತ್ತರ ತತ್ತ್ವಶಾಸ್ತ್ರದ್ದಲ್ಲ, ಲೆಕ್ಕದ್ದು. ಎರಡೂ ಸದನಗಳ ಮೂರನೇ ಎರಡರಷ್ಟು ಸದಸ್ಯರು ದೇಶದ ಬಹುಪಾಲು ಜನರನ್ನು ಪ್ರತಿನಿಧಿಸುತ್ತಾರೆ ಎನ್ನಲಾಗದು, ನಮ್ಮ ಚುನಾವಣಾ ಪದ್ಧತಿಯಲ್ಲಿ ಅಲ್ಪಸಂಖ್ಯೆಯ ಮತದಾರರೂ ಅಷ್ಟು ಸದಸ್ಯರನ್ನು ಆರಿಸಬಹುದು ಎಂದು ಬರೆದರು. 1971ರಲ್ಲಿ ಇಂದಿರಾ ಕಾಂಗ್ರೆಸ್ ಗೆದ್ದದ್ದು 352 ಸ್ಥಾನ, ಅಂದರೆ ಮೂರನೇ ಎರಡಕ್ಕಿಂತ ಹೆಚ್ಚು. ಬಿದ್ದ ಮತಗಳಲ್ಲಿ ಅದರ ಪಾಲು ಶೇಕಡ 44ರ ಆಸುಪಾಸು. ಈ ವಾಕ್ಯವನ್ನು ಪುಸ್ತಕ ಓದಿದ ನ್ಯಾಯಮೂರ್ತಿ ಯಾರಾದರೂ ಬರೆಯಬಹುದಿತ್ತು ಎನ್ನಿ. ಆದರೆ ಸದನದಲ್ಲಿ ಕೂತು, ಪಕ್ಷದ ವಿಪ್‌ಗೆ ತಕ್ಕಂತೆ ಕೈಗಳು ಏಳುವುದನ್ನು ಕಂಡವರಿಗೆ ‘ಜನರ ಇಚ್ಛೆ’ ಎಂಬ ಮಾತಿನ ಬಣ್ಣ ಬೇಗ ಬಿಡುತ್ತದೆ. ಸಂಸದನ ಅನುಭವ ನ್ಯಾಯಮೂರ್ತಿಗೆ ಉಪಯೋಗಕ್ಕೆ ಬಂದ ಜಾಗ ಇದು. ನೀವು ಕೇಳಿದ್ದು ಇದರ ತಿರುಗುಮುರುಗು, ವಕೀಲಿಕೆ ಸಂಸತ್ತಿಗೆ ಉಪಯೋಗವಾಯಿತೇ ಎಂದು. ಅದಕ್ಕೂ ಬರುತ್ತೇನೆ.

ತೀರ್ಪು ಬಂದ ಮರುದಿನ, 1973ರ ಏಪ್ರಿಲ್ 25ರಂದು, ಜೆ.ಎಂ. ಶೆಲತ್, ಹೆಗ್ಡೆ, ಎ.ಎನ್. ಗ್ರೋವರ್ ಮೂವರನ್ನೂ ದಾಟಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ ಸುದ್ದಿ ಹೊರಬಿತ್ತು. ಮೂವರೂ ಸರ್ಕಾರದ ವಿರುದ್ಧ ಬರೆದವರು, ರೇ ಸರ್ಕಾರದ ಪರ ಬರೆದವರು. ಜ್ಯೇಷ್ಠತೆಯ ಪ್ರಕಾರ ಹೋಗಿದ್ದರೆ ಜುಲೈಯಲ್ಲಿ ಶೆಲತ್ ನಿವೃತ್ತರಾದ ಮೇಲೆ ಹೆಗ್ಡೆ 1974ರ ಜೂನ್‌ವರೆಗೆ ದೇಶದ ಮುಖ್ಯ ನ್ಯಾಯಮೂರ್ತಿಯಾಗಿರುತ್ತಿದ್ದರು. ಮೂವರೂ ರಾಜೀನಾಮೆ ಕೊಟ್ಟರು. ಮಂತ್ರಿ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ಈ ನೇಮಕವನ್ನು ಬಹಿರಂಗವಾಗಿಯೇ ಸಮರ್ಥಿಸಿಕೊಂಡರು. ನ್ಯಾಯಮೂರ್ತಿಯ ಸಾಮಾಜಿಕ ದೃಷ್ಟಿಯನ್ನೂ ನೋಡಬೇಕು ಎನ್ನುವುದು ಅವರ ವಾದ. ಅವರೂ ಬ್ಯಾರಿಸ್ಟರ್!

ಕೇಶವಾನಂದ ಒಂದೇ ಕಾರಣವೇ? ಇನ್ನೊಂದು ಎಳೆಯನ್ನೂ ಗಮನಿಸಿ. 1971ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಎದುರು ಸೋತ ರಾಜ್ ನಾರಾಯಣ್ ಹೂಡಿದ ಚುನಾವಣಾ ತಕರಾರಿನ ಒಂದು ಹಂತ 1972ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತ್ತು. ಆ ಪೀಠದ ತೀರ್ಪು ಬರೆದದ್ದು ಹೆಗ್ಡೆ. ಅರ್ಜಿಯನ್ನು ತಿದ್ದಿಕೊಳ್ಳಲು ಅವಕಾಶ ಸಿಕ್ಕಿತು. ಇಂದಿರಾ ತಮ್ಮನ್ನು ಅಭ್ಯರ್ಥಿ ಎಂದು ಹೇಳಿಕೊಂಡದ್ದು ಯಾವಾಗಿನಿಂದ, ಅವರ ಚುನಾವಣಾ ಕೆಲಸ ಮಾಡಿದ ಯಶಪಾಲ್ ಕಪೂರ್ ಆ ಹೊತ್ತಿಗೆ ಸರ್ಕಾರಿ ನೌಕರರಾಗಿದ್ದರೇ ಎಂಬ ಪ್ರಶ್ನೆ ಜೀವಂತವಾಗಿ ಉಳಿಯಿತು. 1975ರ ಜೂನ್ 12ರಂದು ಅಲಹಾಬಾದಿನಲ್ಲಿ ಪ್ರಧಾನಿಯ ಆಯ್ಕೆ ಅಸಿಂಧುವಾಗಲು ಕಾರಣವಾದ ಎರಡು ಅಂಶಗಳಲ್ಲಿ ಇದೂ ಒಂದು. ಕೈತಪ್ಪಿದ ಹುದ್ದೆಗೂ ಈ ತೀರ್ಪಿಗೂ ನಂಟಿದೆ ಎಂಬ ಮಾತು ಆಗಲೇ ಪತ್ರಿಕೆಗಳಲ್ಲಿ ಬಂದಿತ್ತು. ನಂಟನ್ನು ಕೋರ್ಟಿನಲ್ಲಿ ನಿಲ್ಲುವಂತೆ ಸಾಬೀತು ಮಾಡಲು ಆಗದು, ಆದರೆ ತಾರೀಖುಗಳ ಸಾಲನ್ನು ನೋಡಿ ವಕೀಲರಾದ ನೀವೇ ತೂಗಿ.

ರಾಜೀನಾಮೆ ಕೊಟ್ಟಾಗ ಹೆಗ್ಡೆಯವರಿಗೆ 64 ತುಂಬುವುದರಲ್ಲಿತ್ತು. ಮುಂದೇನು? ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು ಭಾರತದ ಯಾವ ಕೋರ್ಟಿನಲ್ಲೂ, ಯಾವ ಅಧಿಕಾರಿಯ ಮುಂದೆಯೂ ವಾದಿಸುವಂತಿಲ್ಲ ಎನ್ನುತ್ತದೆ 124(7)ನೇ ವಿಧಿ. ಅಂದರೆ ಕಾರ್ಕಳದ ಮುನ್ಸೀಫ್ ಕೋರ್ಟಿಗೂ ಅವರು ವಕಾಲತ್ತು ಹಾಕುವಂತಿರಲಿಲ್ಲ. ಸರ್ಕಾರ ಕೊಡುವ ಆಯೋಗ, ರಾಜ್ಯಪಾಲಗಿರಿ ಇಂಥವರ ಪಾಲಿಗೆ ಬರುವುದಿಲ್ಲ. ಉಳಿದದ್ದು ಸಾರ್ವಜನಿಕ ವೇದಿಕೆ. ನ್ಯಾಯಾಂಗದ ಸ್ವಾತಂತ್ರ್ಯದ ಬಗ್ಗೆ ಅವರು ಊರೂರಿನಲ್ಲಿ ಮಾತಾಡಿದರು. ತುರ್ತುಪರಿಸ್ಥಿತಿ ಬಂತು, ಹೋಯಿತು.

1977ರ ಚುನಾವಣೆಯಲ್ಲಿ ಉತ್ತರ ಭಾರತವಿಡೀ ಕಾಂಗ್ರೆಸ್ ಕೊಚ್ಚಿಹೋದರೆ, ಕರ್ನಾಟಕದ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಬಂದವು. ದೇವರಾಜ ಅರಸರ ಕಾಲವದು. ಉಳಿದ ಎರಡರಲ್ಲಿ ಒಂದು ಹಾಸನ, ಇನ್ನೊಂದು ಬೆಂಗಳೂರು ದಕ್ಷಿಣ. ಬೆಂಗಳೂರು ದಕ್ಷಿಣದಿಂದ ಗೆದ್ದದ್ದು ಹೆಗ್ಡೆ. ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾಗಲು ಸ್ಪೀಕರ್ ಹುದ್ದೆ ಬಿಟ್ಟಾಗ, ಜುಲೈ 21ರಂದು ಹೆಗ್ಡೆ ಆ ಪೀಠಕ್ಕೆ ಬಂದರು. ಎದುರಿನ ಸಾಲುಗಳನ್ನು ನೋಡಿ: ಕಾನೂನು ಮಂತ್ರಿ ಶಾಂತಿ ಭೂಷಣ್, ಅಲಹಾಬಾದಿನಲ್ಲಿ ಇಂದಿರಾ ವಿರುದ್ಧ ವಾದಿಸಿದ ವಕೀಲರು. ಆರೋಗ್ಯ ಮಂತ್ರಿ ರಾಜ್ ನಾರಾಯಣ್, ಅದೇ ಕೇಸಿನ ಅರ್ಜಿದಾರ. ಪೀಠದಲ್ಲಿ ಆ ಕೇಸಿನ ಒಂದು ಹಂತದ ತೀರ್ಪು ಬರೆದವರು. ಕಥೆಗಾರ ಹೀಗೆ ಬರೆದರೆ ‘ಅತಿಯಾಯಿತು’ ಎನ್ನುತ್ತಿದ್ದೆವು.

ಈಗ 1978. ಕಲಿತ ಕಾನೂನು ಸಂಸತ್ತಿನಲ್ಲಿ ಉಪಯೋಗಕ್ಕೆ ಬಂತೇ ಎಂಬ ನಿಮ್ಮ ಪ್ರಶ್ನೆಗೆ ಅತಿ ಕಷ್ಟದ ಉತ್ತರ ಇಲ್ಲಿದೆ. ಆ ನವೆಂಬರಿನಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿ, ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಬಂದರು. ಅಷ್ಟರಲ್ಲಿ ಅವರ ಮೇಲೆ ಹಕ್ಕುಚ್ಯುತಿಯ ವಿಚಾರಣೆ ನಡೆದಿತ್ತು. ಹಿಂದಿನ ಲೋಕಸಭೆಯಲ್ಲಿ ಮಾರುತಿ ಕಂಪನಿಯ ಬಗ್ಗೆ ಕೇಳಿದ ಪ್ರಶ್ನೆಗೆ ಮಾಹಿತಿ ಸಂಗ್ರಹಿಸಲು ಹೋದ ಅಧಿಕಾರಿಗಳಿಗೆ ಅಡ್ಡಿಪಡಿಸಿ, ಕಿರುಕುಳ ಕೊಡಿಸಿದರು ಎಂಬ ಆರೋಪ. ಸಮರ್ ಗುಹಾ ಅಧ್ಯಕ್ಷತೆಯ ಹಕ್ಕುಬಾಧ್ಯತಾ ಸಮಿತಿ ಅವರನ್ನು ತಪ್ಪಿತಸ್ಥರೆಂದಿತು. ಡಿಸೆಂಬರ್ 19ರಂದು ಸದನ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳಿಸುವ ನಿರ್ಣಯ ಮಾಡಿತು. 26ರವರೆಗೆ ಅವರು ತಿಹಾರಿನಲ್ಲಿದ್ದರು. ಇಂಥ ನಿರ್ಣಯಕ್ಕೆ ವಾರಂಟ್ ಹೊರಡುವುದು ಸ್ಪೀಕರ್ ಹೆಸರಿನಲ್ಲಿ.

ಕ್ರೈಪಕ್ ತೀರ್ಪನ್ನು ನೆನಪಿಸಿಕೊಳ್ಳಿ. ಇಲ್ಲಿ ಫಿರ್ಯಾದಿ ಯಾರು? ಸದನ. ವಿಚಾರಣೆ ನಡೆಸಿದ್ದು ಸದನದ ಸಮಿತಿ. ಶಿಕ್ಷೆ ಕೊಟ್ಟದ್ದು ಸದನ. ಕೈಯೆತ್ತಿದವರಲ್ಲಿ ತುರ್ತುಪರಿಸ್ಥಿತಿಯಲ್ಲಿ ಆರೋಪಿಯಿಂದಲೇ ಜೈಲು ಕಂಡವರು ಎಷ್ಟೋ ಮಂದಿ. ಪೀಠದಲ್ಲಿದ್ದವರ ವೃತ್ತಿಜೀವನವನ್ನು ಮುರಿದದ್ದೂ ಅದೇ ಆರೋಪಿಯ ಸರ್ಕಾರ. ಹೆಗ್ಡೆಯವರ ಪರವಾಗಿ ಹೇಳುವುದಾದರೆ, ಸ್ಪೀಕರ್‌ಗೆ ಮತವಿಲ್ಲ, ಸಮಸಮ ಬಂದಾಗ ಮಾತ್ರ ನಿರ್ಣಾಯಕ ಮತ ಎನ್ನುತ್ತದೆ 100ನೇ ವಿಧಿ. ಶಿಕ್ಷಿಸುವ ಅಧಿಕಾರ ಸದನದ್ದು, ಪೀಠದ್ದಲ್ಲ. ಬಹುಮತದ ನಿರ್ಣಯವನ್ನು ಸ್ಪೀಕರ್ ತಡೆಯುವಂತಿಲ್ಲ. ಇದೆಲ್ಲ ಕಾನೂನಿನ ಪ್ರಕಾರ ಸರಿ. ಆದರೂ ಐದು ವರ್ಷದ ಹಿಂದೆ ಸದನದ ಬಹುಮತವನ್ನು ಕುರುಡಾಗಿ ನಂಬಬೇಡಿ ಎಂದು ಬರೆದವರ ಎದುರೇ, ಶೇಕಡ 41ರಷ್ಟು ಮತ ಪಡೆದು 295 ಸ್ಥಾನ ಗೆದ್ದ ಬಹುಮತವೊಂದು ತನ್ನ ಸಿಟ್ಟನ್ನು ಶಿಕ್ಷೆಯಾಗಿ ಬರೆಯಿತು. ಚಿಕ್ಕಮಗಳೂರಿನ ಮತದಾರರು 70 ಸಾವಿರಕ್ಕೂ ಹೆಚ್ಚು ಅಂತರದಿಂದ ಆರಿಸಿ ಕಳಿಸಿ ಎರಡು ತಿಂಗಳೂ ಆಗಿರಲಿಲ್ಲ. ನನ್ನ ತೀರ್ಮಾನ ಹೀಗಿದೆ: ಹೆಗ್ಡೆ ನಿಯಮ ಮೀರಲಿಲ್ಲ. ಆದರೆ ಆ ನಿರ್ಣಯ ಬರುವ ದಿನ ಪೀಠವನ್ನು ಉಪಸಭಾಧ್ಯಕ್ಷರಿಗೆ ಬಿಟ್ಟು ಎದ್ದುಹೋಗಿದ್ದರೆ ಕ್ರೈಪಕ್ ಬರೆದವರಿಗೆ ಅದು ಹೆಚ್ಚು ಒಪ್ಪುತ್ತಿತ್ತು. ಪಕ್ಷಪಾತ ನಡೆಯಿತೇ ಎನ್ನುವುದು ಮುಖ್ಯವಲ್ಲ, ನಡೆಯಬಹುದಾದ ಸಂಭವವೇ ಸಾಕು ಎನ್ನುವುದು ಆ ತೀರ್ಪಿನ ಜೀವಾಳ.

1981ರ ಮೇ 7ರಂದು ಏಳನೇ ಲೋಕಸಭೆ ಆ ನಿರ್ಣಯವನ್ನು ರದ್ದುಮಾಡಿತು. ಆಗ ಬಹುಮತ ಇಂದಿರಾ ಅವರದು, ಆದ್ದರಿಂದ ಅದಕ್ಕೂ ಹೆಚ್ಚು ನೈತಿಕ ತೂಕ ಕೊಡಬೇಕಿಲ್ಲ. ಕಾನೂನಿನ ಪ್ರಶ್ನೆ ಮತ್ತೆ ಎದ್ದದ್ದು 2005ರಲ್ಲಿ, ಪ್ರಶ್ನೆ ಕೇಳಲು ಲಂಚ ಪಡೆದ 11 ಸಂಸದರನ್ನು ಹೊರಹಾಕಿದಾಗ. 2007ರ ರಾಜಾ ರಾಂ ಪಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಉಚ್ಚಾಟಿಸುವ ಅಧಿಕಾರ ಸದನಕ್ಕಿದೆ ಎಂದಿತು, ಜೊತೆಗೆ ಅದರ ಬಳಕೆಯನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದೂ ಹೇಳಿತು.

ಸ್ಪೀಕರ್ ಆಗಿ ಅವರ ಕಾಲವನ್ನು ಈ ಒಂದೇ ಘಟನೆಯಿಂದ ಅಳೆಯಬಾರದು. 44ನೇ ತಿದ್ದುಪಡಿ ಅಂಗೀಕಾರವಾದದ್ದು ಅದೇ 1978ರಲ್ಲಿ. ಆಂತರಿಕ ಗಲಭೆ ಎಂಬ ನೆಪದಲ್ಲಿ ತುರ್ತುಪರಿಸ್ಥಿತಿ ಹೇರುವ ದಾರಿ ಮುಚ್ಚಿತು, ಸಶಸ್ತ್ರ ಬಂಡಾಯ ಇರಲೇಬೇಕು ಎಂದಾಯಿತು. ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿತ್ತು. ಆ ಮಸೂದೆಯಲ್ಲಿ ಇನ್ನೊಂದು ಕಲಮಿತ್ತು: ಸಂವಿಧಾನದ ಮೂಲ ಲಕ್ಷಣಗಳನ್ನು ಬದಲಿಸಬೇಕಾದರೆ ಜನಮತಗಣನೆ ಆಗಬೇಕು ಎಂದು. ಜಾತ್ಯತೀತ ಪ್ರಜಾಪ್ರಭುತ್ವ, ಮೂಲಭೂತ ಹಕ್ಕು, ಮುಕ್ತ ಚುನಾವಣೆ, ನ್ಯಾಯಾಂಗದ ಸ್ವಾತಂತ್ರ್ಯ ಆ ಪಟ್ಟಿಯಲ್ಲಿದ್ದವು. ಹೆಗ್ಡೆ–ಮುಖರ್ಜಿಯಾ ಹಾಕಿದ ಲೆಕ್ಕಕ್ಕೆ ಉತ್ತರವೇ ಇದು. ಸದಸ್ಯರ ಮೂರನೇ ಎರಡು ಸಾಲದು ಎಂದಾದರೆ ನೇರ ಜನರನ್ನೇ ಕೇಳಿ. ಲೋಕಸಭೆ ಒಪ್ಪಿತು. ಕಾಂಗ್ರೆಸ್ಸಿನ ಬಲ ಹೆಚ್ಚಿದ್ದ ರಾಜ್ಯಸಭೆಯಲ್ಲಿ ಆ ಕಲಮು ಬಿತ್ತು.

ಅದೇ ವರ್ಷದ ಫೆಬ್ರವರಿಯಲ್ಲಿ ಹೊಸ ಮುಖ್ಯ ನ್ಯಾಯಮೂರ್ತಿಯ ನೇಮಕವಾಗಬೇಕಿತ್ತು. ಸರದಿ ವೈ.ವಿ. ಚಂದ್ರಚೂಡರದು. ತುರ್ತುಪರಿಸ್ಥಿತಿಯ ಹೇಬಿಯಸ್ ಕಾರ್ಪಸ್ ಕೇಸಿನಲ್ಲಿ (ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದೇ ಎಂಬ ಕೇಸು) ಅವರು ಸರ್ಕಾರದ ಪರ ನಿಂತಿದ್ದರೆಂದು ಅವರನ್ನು ದಾಟಿಸಬೇಕೆಂಬ ಕೂಗಿತ್ತು. ಜನತಾ ಸರ್ಕಾರ ದಾಟಿಸಲಿಲ್ಲ. 1973ರ ಗಾಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಾಣದು.

1978ರಲ್ಲಿ ಕಾಂಗ್ರೆಸ್ ಒಡೆದ ಮೇಲೆ ವಿರೋಧಪಕ್ಷದ ನಾಯಕ ಯಾರೆಂದು ಮಾನ್ಯ ಮಾಡುವ ಕೆಲಸ ಸ್ಪೀಕರ್ ಮೇಲೆ ಬಿತ್ತು. ಒಂದೂವರೆ ವರ್ಷದಲ್ಲಿ ಆ ಕುರ್ಚಿಯಲ್ಲಿ ವೈ.ಬಿ. ಚವಾಣ್, ಸಿ.ಎಂ. ಸ್ಟೀಫನ್, ಮತ್ತೆ ಚವಾಣ್, ಆಮೇಲೆ ಜಗಜೀವನ್ ರಾಂ ಕೂತರು. 1979ರ ಜುಲೈಯಲ್ಲಿ ಮೊರಾರ್ಜಿ ಸರ್ಕಾರ ಬಿತ್ತು. ಚರಣ್ ಸಿಂಗ್ ಸದನವನ್ನೇ ಎದುರಿಸದೆ ರಾಜೀನಾಮೆ ಕೊಟ್ಟರು. ಆಗಸ್ಟ್ 22ರಂದು ಲೋಕಸಭೆ ವಿಸರ್ಜನೆಯಾಯಿತು. ಆದರೆ ಹೆಗ್ಡೆ 1980ರ ಜನವರಿ 21ರವರೆಗೂ ಸ್ಪೀಕರ್ ಆಗಿಯೇ ಇದ್ದರು. ಸದನವೇ ಇಲ್ಲದ ಸ್ಪೀಕರ್ ಹೇಗೆ ಎಂದು ಜೂನಿಯರ್‌ಗಳು ಕೇಳಿದರೆ 94ನೇ ವಿಧಿಯ ಎರಡನೇ ಪರಂತುಕ ತೋರಿಸಿ. ಮುಂದಿನ ಲೋಕಸಭೆ ಮೊದಲ ಸಲ ಸೇರುವ ಮುಂಚಿನ ಗಳಿಗೆಯವರೆಗೆ ಆ ಹುದ್ದೆ ಖಾಲಿಯಾಗದು.

1980ರಲ್ಲಿ ಹುಟ್ಟಿದ ಭಾರತೀಯ ಜನತಾ ಪಕ್ಷದಲ್ಲಿ ಅವರು 1986ರವರೆಗೆ ಉಪಾಧ್ಯಕ್ಷರಾಗಿದ್ದರು. ಸ್ಪೀಕರ್ ಆಗಿದ್ದಾಗಲೇ, 1979ರಲ್ಲಿ, ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಕಟ್ಟಲು ಟ್ರಸ್ಟ್ ಆರಂಭಿಸಿದ್ದರು. ಕರಾವಳಿಯ ಹೊಸ ತಲೆಮಾರಿಗೆ ಅವರ ಹೆಸರು ಗೊತ್ತಿರುವುದು ದೇರಳಕಟ್ಟೆಯ ಆಸ್ಪತ್ರೆಯ ಬೋರ್ಡಿನಿಂದ. ತೀರಿಕೊಂಡದ್ದು 1990ರ ಮೇ 24ರಂದು.

ನ್ಯಾಯಪೀಠದಿಂದ ರಾಜಕೀಯಕ್ಕೆ ಹೋಗುವುದನ್ನು ಒಪ್ಪಬಹುದೇ ಎಂದು ಕೇಳಿದ್ದಿರಿ. ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ ನೋಡಿ. ಅಸ್ಸಾಮಿನ ಬಹರುಲ್ ಇಸ್ಲಾಂ ಕೂಡ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯತ್ವ ಬಿಟ್ಟು 1972ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯಾದವರು, 1980ರಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. ಬಿಹಾರದ ಕಾಂಗ್ರೆಸ್ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರಿಗೆ ಅನುಕೂಲವಾದ ಬಹುಮತದ ತೀರ್ಪಿನಲ್ಲಿ ಇದ್ದ ಕೆಲವೇ ವಾರಗಳಲ್ಲಿ, 1983ರ ಜನವರಿಯಲ್ಲಿ, ರಾಜೀನಾಮೆ ಕೊಟ್ಟು ಕಾಂಗ್ರೆಸ್ ಅಭ್ಯರ್ಥಿಯಾದರು. ಅದೇ ವರ್ಷ ರಾಜ್ಯಸಭೆಗೆ ಮರಳಿದರು. ಕಾಗದದ ಮೇಲೆ ಇಬ್ಬರ ದಾರಿಯೂ ಒಂದೇ ಥರ. ಹೆಗ್ಡೆ ಬೆಂಚು ಬಿಟ್ಟದ್ದು ಸರ್ಕಾರದ ವಿರುದ್ಧ ಬರೆದು ಮುಖ್ಯ ನ್ಯಾಯಮೂರ್ತಿಯ ಪಟ್ಟ ಕಳಕೊಂಡ ಮೇಲೆ. ಬಿಟ್ಟದ್ದಕ್ಕೂ ಚುನಾವಣೆಗೆ ನಿಂತದ್ದಕ್ಕೂ ನಡುವೆ ಸುಮಾರು ನಾಲ್ಕು ವರ್ಷ, ಒಂದು ತುರ್ತುಪರಿಸ್ಥಿತಿ. ನಿಂತದ್ದು ಮತದಾರರ ಎದುರು, ಯಾರದೋ ನಾಮಕರಣಕ್ಕಲ್ಲ. ಬೆಂಚಿಗೆ ಬರುವ ಮುಂಚಿನ ಪಕ್ಷ ಯಾವುದು ಎನ್ನುವುದಕ್ಕಿಂತ, ಬೆಂಚಿನಿಂದ ಎದ್ದ ಮೇಲೆ ಏನು ಸಿಕ್ಕೀತು ಎಂಬ ಆಸೆ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ನಿವೃತ್ತಿಯ ನಂತರದ ಹುದ್ದೆಗಳಿಗೆ ಇಂತಿಷ್ಟು ವರ್ಷದ ಬಿಡುವು ಇರಬೇಕೆಂದು ನಾನು ವಾದಿಸುವುದು ಅದಕ್ಕೇ. ಅಂಥ ನಿಯಮ ಬಂದರೂ ಹೆಗ್ಡೆಯವರಂಥವರು ಅದರಡಿ ಪಾಸಾಗುತ್ತಾರೆ.

ಇನ್ನು ನಿಮ್ಮ ಸ್ವಾರ್ಥದ ಪ್ರಶ್ನೆ. ಸಂಸದ, ಶಾಸಕರು ವಕೀಲಿಕೆ ಮಾಡಬಾರದೆಂದು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 25ರಂದು ತಳ್ಳಿಹಾಕಿದೆ. ಪೂರ್ಣಾವಧಿ ಸಂಬಳದ ನೌಕರ ವಕೀಲಿಕೆ ಮಾಡಬಾರದು ಎನ್ನುತ್ತದೆ ಬಾರ್ ಕೌನ್ಸಿಲ್ ನಿಯಮ 49. ಸಂಸದ ಸಂಬಳ ಪಡೆದರೂ ಯಾರ ನೌಕರನೂ ಅಲ್ಲ, ಆದ್ದರಿಂದ ಆ ನಿಯಮ ಅವನಿಗೆ ತಗಲುವುದಿಲ್ಲ ಎಂದಿತು ಕೋರ್ಟು. ಹಾಗಾಗಿ ಕರಿಕೋಟಿಗೆ ಅಡ್ಡಿಯಿಲ್ಲ. ಆದರೆ ಒಂದು ಮಾತು. ನೀವು ಈಗ ಸರ್ಕಾರಿ ವಕೀಲರ ಪಟ್ಟಿಯಲ್ಲಿದ್ದರೆ, ನಾಮಪತ್ರ ಹಾಕುವ ಮೊದಲೇ ಅದನ್ನು ಲಿಖಿತವಾಗಿ ಬಿಟ್ಟು ಅಂಗೀಕಾರದ ಪತ್ರ ಕೈಯಲ್ಲಿಟ್ಟುಕೊಳ್ಳಿ. 102ನೇ ವಿಧಿಯ ಲಾಭದ ಹುದ್ದೆ ಎಂಬ ತಕರಾರನ್ನು ನಾಮಪತ್ರ ಪರಿಶೀಲನೆಯ ದಿನ ಎದುರಾಳಿಯ ವಕೀಲರು ಎತ್ತದೆ ಬಿಡುವುದಿಲ್ಲ.